ಗೋಡೆಯೊಳಗಿನ ನಾಲ್ಕು ತಂತಿ

ಕಳೆದ ತಿಂಗಳು ಮಳವಳ್ಳಿಯಿಂದ ಯಾರೋ ಫೋನು ಮಾಡಿ, ಬಟ್ಟೆ ಅಂಗಡಿ ಇಡುತ್ತಿದ್ದೇವೆ, ಕ್ಯಾಮೆರಾ ಹಾಕಿಕೊಡಬೇಕು ಎಂದರು. ಜಾಗ ಎಲ್ಲಿ ಎಂದು ಹೇಳಿದ ಕೂಡಲೇ ಆಗುವುದಿಲ್ಲ ಎನ್ನಬೇಕಿತ್ತು. ಬೈಕು ಹತ್ತಿ ಹೋದೆ.

ಹಳೆಯ ಸ್ಕ್ಯಾನಿಂಗ್ ಸೆಂಟರ್ ಇದ್ದ ಕಟ್ಟಡವೇ. ಬೋರ್ಡು ತೆಗೆದಿದ್ದರು. ಗಾರೆಯವರು ಮುಂದಿನ ಗೋಡೆ ಒಡೆಯುತ್ತಿದ್ದರು. ಒಡೆದ ಕಡೆಯಿಂದ ಹಸಿ ಸಿಮೆಂಟು, ಇಲಿಯ ಮೂತ್ರ, ಮುಗ್ಗಲು ಹಿಡಿದ ಪ್ಲಾಸ್ಟಿಕ್ಕು ಎಲ್ಲ ಸೇರಿದ ಒಂದು ವಾಸನೆ ಬಂತು. ಗಾರೆಯವನೊಬ್ಬ ಗೋಡೆಯೊಳಗಿನ ಪೈಪನ್ನು ಸುತ್ತಿಗೆಯಿಂದ ಚಚ್ಚಿ, ಒಳಗಿದ್ದ ಬೂದು ಬಣ್ಣದ ವೈರನ್ನು ಎಳೆದು ನೆಲಕ್ಕೆ ಹಾಕಿದ. ಎರಡೂ ತುದಿಯಲ್ಲಿ ಬಿಳಿಯ ಗೋಡೆ ಡಬ್ಬಿಗಳು ಹಾಗೇ ನೇತಾಡುತ್ತಿದ್ದವು. ಡಬ್ಬಿಯ ಹಿಂದೆ ವೈರು ಸೀಳಿಕೊಂಡು ಎರಡು ಕವಲಾಗಿತ್ತು.

"ಇದ್ಯಾವೋನ್ ಮಾಡಿದ್ನಣ್ಣ ಇದ? ಎಲ್ಡು ನಾಲ್ಗೆ ಆವಿದ್ದಂಗದೆ" ಎಂದು ಅವನು ನಕ್ಕ.

ಮಾಡಿದವನು ನಾನು. ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಆ ಡಬ್ಬಿಗಳನ್ನು ಪುಡಿ ಮಾಡಬೇಕು ಅನ್ನುವಷ್ಟು ಸಿಟ್ಟು ಬಂತು. ಮಾಡಲಿಲ್ಲ. ವೈರನ್ನು ಸುರುಳಿ ಸುತ್ತಿ, ಅಲ್ಲೇ ಬಿದ್ದಿದ್ದ ಸಿಮೆಂಟು ಚೀಲಕ್ಕೆ ತುಂಬಿಕೊಂಡೆ.

ಕೆಲವು ವರ್ಷಗಳ ಹಿಂದಿನ, ಆ ವೈರಿನ ಕಥೆ ಇದು. ಆಷಾಢದಲ್ಲಿ ಶುರುವಾಗಿ ಗೌರಿ ಹಬ್ಬ ಕಳೆಯುವಷ್ಟರಲ್ಲಿ ಮುಗಿದುಹೋಯಿತು. ಮಳೆ ಮಾತ್ರ ಬಿಟ್ಟಿರಲಿಲ್ಲ.

ನಮ್ಮದು ಮದ್ದೂರಿನ ಹತ್ತಿರದ ಕೊಪ್ಪ. ನಾನು ನಂಜುಂಡ, ದೊಡ್ಡವನು. ನನ್ನ ಹಿಂದೆ ಪವಿತ್ರ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಬಡತನವೂ ಬಿಡಿಸಲಿಲ್ಲ. ಟಿವಿ ಕೇಬಲ್ ಹುಡುಗರ ಹಿಂದೆ ಕಂಬ ಹತ್ತಿಕೊಂಡು ತಿರುಗುವುದು ಚೆನ್ನಾಗಿತ್ತು, ಅದಕ್ಕೇ ಬಿಟ್ಟೆ. ಪವಿತ್ರ ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿದಾಗ ಊರವರು, "ತಂಗೀನ ಓದ್ಸಕ್ಕೆ ಅಣ್ಣ ಶಾಲೆ ಬುಟ್ಟ" ಎಂದು ಹೊಗಳಿದರು. ಅದು ಸುಳ್ಳು. ನಾನು ಅಲ್ಲಗಳೆಯಲಿಲ್ಲ. ಒಳ್ಳೆಯವನು ಅನ್ನಿಸಿಕೊಳ್ಳುವುದು ಯಾರಿಗೆ ಬೇಡ? ಬಾಯಿ ಮುಚ್ಚಿಕೊಂಡು ಸುಳ್ಳನ್ನು ಉಳಿಸಿಕೊಳ್ಳುವ ಅಭ್ಯಾಸ ನನಗೆ ಅಲ್ಲಿಂದಲೇ ಬಂದಿರಬೇಕು.

ಪವಿತ್ರ ಮದುವೆಯಾಗಿ ಮದ್ದೂರಿಗೆ ಹೋದ ಮೇಲೆ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದಳು. ಮಂಡ್ಯದಲ್ಲಿ ದೊಡ್ಡದು, ಮದ್ದೂರು ಮಳವಳ್ಳಿಗಳಲ್ಲಿ ಒಂದೊಂದು ಚಿಕ್ಕದು. ಮೂರೂ ಕಡೆಯ ಕಂಪ್ಯೂಟರು, ಸರ್ವರು, ಇಂಟರ್ನೆಟ್ ಲೈನು ನೋಡಿಕೊಳ್ಳುವುದು ಅವಳ ಕೆಲಸ. ಮಳವಳ್ಳಿಯದು ಹೊಸದಾಗಿ ಶುರುವಾಗುವಾಗ ವೈರಿಂಗ್ ಯಾರಿಗೆ ಕೊಡುವುದು ಎಂಬ ಮಾತು ಬಂತಂತೆ. "ನಮ್ಮಣ್ಣ ಮಾಡ್ತಾನೆ, ನಂದು ಜವಾಬ್ದಾರಿ" ಎಂದು ಅವಳು ಮ್ಯಾನೇಜರ್ ಹತ್ತಿರ ಹೇಳಿ ನನಗೆ ಕೊಡಿಸಿದಳು.

ಹೊರಗಿನಿಂದ ಬರುವ ಲೈನಿನ ಪೆಟ್ಟಿಗೆ ಮಹಡಿ ಮೇಲೆ. ಸರ್ವರು ಕೆಳಗೆ. ನಡುವೆ ಗೋಡೆಯೊಳಗೆ ಕಟ್ಟಡದವರು ಹಾಕಿದ್ದ ಒಂದು ಸಣ್ಣ ಪೈಪು, ಅದಕ್ಕೊಂದು ಮೊಂಡು ತಿರುವು. ಒಂದು ವೈರು ಹೋಯಿತು. ಅಷ್ಟರಲ್ಲಿ ಮ್ಯಾನೇಜರ್ ಬಂದು ಬಾಗಿಲ ಮುಂದೊಂದು ಕ್ಯಾಮೆರಾ ಬೇಕು, ಅದರ ವೈರೂ ಒಳಗೇ ಹೋಗಬೇಕು, ಗೋಡೆ ಮೇಲೆ ಕಾಣಬಾರದು, ಪೂಜೆಗೆ ಮುಂಚೆ ಮುಗಿಯಬೇಕು ಎಂದ. ಎರಡನೆಯ ವೈರು ಎಷ್ಟು ತಳ್ಳಿದರೂ ತಿರುವು ದಾಟಲಿಲ್ಲ. ಆಗ ನಾನು ನಮ್ಮ ಕ್ಯಾಮೆರಾ ಕಸುಬಿನವರು ಎಲ್ಲ ಕಡೆ ಮಾಡುವುದನ್ನೇ ಮಾಡಿದೆ. ಆ ವೈರಿನೊಳಗೆ ಎಂಟು ತಂತಿ ಇರುತ್ತವೆ. ನಾಲ್ಕನ್ನು ಸರ್ವರಿಗೆ ಕಟ್ಟಿದೆ, ನಾಲ್ಕನ್ನು ಕ್ಯಾಮೆರಾಕ್ಕೆ ಕಟ್ಟಿದೆ. ಎರಡೂ ತುದಿಗೆ ಗೋಡೆ ಡಬ್ಬಿ ಕೂರಿಸಿ ಸ್ಕ್ರೂ ಬಿಗಿದೆ. ಹೊರಗಿನಿಂದ ನೋಡಿದರೆ ಅಚ್ಚುಕಟ್ಟು.

ಮನೆಗಳಿಗೆ ಇದು ನಡೆಯುತ್ತದೆ. ಸಣ್ಣ ಲೈನಿಗೆ, ನೂರು ಎಂಬಿಪಿಎಸ್ ವೇಗದವರೆಗೆ, ನಾಲ್ಕು ತಂತಿ ಸಾಕು; ಅದಕ್ಕಿಂತ ಹೆಚ್ಚಿಗೆ ಎಂಟೂ ಬೇಕು. ಆ ಸೆಂಟರಿಗೂ ಒಂದು ವರ್ಷ ಸಾಕಾಗಿತ್ತು. ಪವಿತ್ರಳಿಗೆ ಹೇಳಬೇಕು ಅಂತಲೂ ನನಗೆ ಹೊಳೆದಿರಲಿಲ್ಲ. ಅಲ್ಲಿಯವರೆಗೆ ನನ್ನದು ತಪ್ಪಲ್ಲ. ಆಮೇಲೆ ಮಾಡಿದ್ದು ತಪ್ಪು.

ಆ ಆಷಾಢದಲ್ಲಿ ಮಳವಳ್ಳಿಗೆ ಹೊಸ ಸ್ಕ್ಯಾನ್ ಮೆಷಿನ್ ಬಂತು. ಅದು ತೆಗೆಯುವ ಚಿತ್ರಗಳು ಬಲು ಭಾರ. ಚಿತ್ರ ಮಂಡ್ಯದ ಸರ್ವರಿಗೆ ಹೋಗಬೇಕು, ಅಲ್ಲಿನ ಡಾಕ್ಟರು ನೋಡಿ ರಿಪೋರ್ಟು ಕಳಿಸಬೇಕು. ಅದಕ್ಕಾಗಿ ಐನೂರು ಎಂಬಿಪಿಎಸ್‌ನ ದೊಡ್ಡ ಲೈನು ತೆಗೆದುಕೊಂಡರು. ಮೊದಲಿದ್ದ ಸಣ್ಣ ಸರ್ವರು ಇದಕ್ಕೆ ಸಾಲದು, ಮಳವಳ್ಳಿಗೊಂದು ದೊಡ್ಡ ಸರ್ವರೂ ಬೇಕಿತ್ತು. ಮ್ಯಾನೇಜರ್ ತನಗೆ ಗೊತ್ತಿದ್ದ ಮೈಸೂರಿನವನೊಬ್ಬನಿಂದ ಹೊಸದು ತರಿಸೋಣ ಎಂದ. ಪವಿತ್ರ, ದಂಡಕ್ಕೆ ಯಾಕೆ, ರಿಪೇರಿ ಮಾಡಿದ ಹಳೆಯದೇ ಈ ಕೆಲಸಕ್ಕೆ ಧಾರಾಳ ಎಂದು ಸೆಂಟರಿನ ದೊಡ್ಡವರನ್ನು ಒಪ್ಪಿಸಿ ತರಿಸಿದಳು. ತಾನೇ ಕೂತು ಅದನ್ನು ಜೋಡಿಸಿದಳು. ಮ್ಯಾನೇಜರಿಗೆ ಅವಳ ಮೇಲೆ ಹಲ್ಲು ಮಸೆಯಲು ಅಷ್ಟು ಸಾಕಾಯಿತು.

ಲೈನು ದೊಡ್ಡದಾಯಿತು, ಚಿತ್ರ ಮಾತ್ರ ತೆವಳಿಕೊಂಡೇ ಹೋಯಿತು. ಬಿದ್ದು ತಲೆಗೆ ಪೆಟ್ಟಾದ ಒಬ್ಬ ಮುದುಕರನ್ನು ಬೆಂಚಿನ ಮೇಲೆ ಮಲಗಿಸಿಕೊಂಡು ಮನೆಯವರು ರಿಪೋರ್ಟಿಗೆ ಕಾದರು. ಬರಲಿಲ್ಲ. ಕೊನೆಗೆ ಕಾರು ಮಾಡಿಕೊಂಡು ಮಂಡ್ಯಕ್ಕೇ ಹೊರಟರು. ಹೋಗುವಾಗ ಆ ಮನೆಯ ಹೆಂಗಸು ಪವಿತ್ರಳ ಮುಂದೆ ನಿಂತು, "ನಿಮ್ಮ ಮಿಸೀನ್ಗಷ್ಟು ಬೆಂಕಿ ಆಕ, ಬಾಯ್ ಬುಟ್ಟು ಇಲ್ಲ ಅಂತಾನಾರ ಅನ್ನಬಾರ್ದಾ!" ಎಂದು ಬೈದಳು. ಪವಿತ್ರ ತಲೆ ತಗ್ಗಿಸಿ ನಿಂತಿದ್ದಳು. ನಾನು ಆ ದಿನ ಕ್ಯಾಮೆರಾ ಒರೆಸಲು ಹೋಗಿದ್ದೆ. ಏಣಿ ಮೇಲಿಂದ ನೋಡಿದೆ.

ಅವಳು ಹುಡುಕಲು ಶುರು ಮಾಡಿದಳು. ಮಳವಳ್ಳಿಯ ಸರ್ವರಿನಿಂದ ಮಂಡ್ಯದ ಸರ್ವರಿಗೆ ಸುಮ್ಮನೆ ಏನಾದರೂ ತುಂಬಿ ತುಂಬಿ ಕಳಿಸುವುದು, ಕ್ಷಣಕ್ಕೆ ಎಷ್ಟು ಹೋಯಿತು ಎಂದು ನೋಡುವುದು. ಅದೇ ಪರೀಕ್ಷೆ. ಐನೂರರ ಹತ್ತಿರ ಬರಬೇಕು. ಬಂದದ್ದು ತೊಂಬತ್ನಾಲ್ಕು. ಅತ್ತಲಿಂದ ಇತ್ತ ಕಳಿಸಿದರೂ ತೊಂಬತ್ನಾಲ್ಕು. ಬೆಳಗ್ಗೆ ಜನ ಇಲ್ಲದಾಗಲೂ ತೊಂಬತ್ನಾಲ್ಕು, ಮಧ್ಯಾಹ್ನ ಸಂತೆಯಂತೆ ಜನ ತುಂಬಿದ್ದಾಗಲೂ ತೊಂಬತ್ನಾಲ್ಕು.

"ನೋಡಣ್ಣ, ನಾಲೆಲಿ ನೀರು ಕಮ್ಮಿ ಆದ್ರೆ ಒಂದು ಗಳ್ಗೆ ಜಾಸ್ತಿ ಬತ್ತದೆ, ಒಂದು ಗಳ್ಗೆ ಕಮ್ಮಿ ಬತ್ತದೆ. ಇದು ಅಂಗಲ್ಲ. ಒಂದೇ ಸಮ್ಕೆ ಬತ್ತಾ ಅದೆ. ನಾಲೆ ತುಂಬ ನೀರದೆ ಕಣಣ್ಣ, ಎಲ್ಲೋ ತೂಬ ಇಷ್ಟೇ ಅಂತ ಕಟ್ಟವ್ರೆ" ಎಂದಳು.

ನನಗೆ ಆಗಲೇ ಗೊತ್ತಾಗಿಹೋಯಿತು. ನನಗೆ ಇಂಗ್ಲಿಷು ಬಾರದಿರಬಹುದು, ತೂಬು ಕಟ್ಟಿದವನಿಗೆ ತೂಬು ಗೊತ್ತಾಗುವುದಿಲ್ಲವೇ?

ಅವಳು ಒಂದೊಂದನ್ನೇ ಬದಿಗಿಡುತ್ತಾ ಬಂದಳು. ಮದ್ದೂರಿನಿಂದ ಮಂಡ್ಯಕ್ಕೆ ಕಳಿಸಿ ನೋಡಿದಳು, ಪೂರ್ತಿ ಹೋಯಿತು. ಹಾಗಾದರೆ ಮಂಡ್ಯದ ಸರ್ವರು ಸರಿ. ಮಳವಳ್ಳಿಯ ಸರ್ವರಿಗೆ ತನ್ನ ಲ್ಯಾಪ್‌ಟಾಪನ್ನು ನೇರವಾಗಿ ಸಿಕ್ಕಿಸಿ ನೋಡಿದಳು, ಒಂಬೈನೂರು ದಾಟಿ ಹೋಯಿತು. ಹಾಗಾದರೆ ತಾನು ತರಿಸಿದ ಸರ್ವರೂ ಸರಿ. ಲೈನಿನವರನ್ನು ಕರೆಸಿದಳು. ಅವರು ಮಹಡಿ ಮೇಲೆ ತಮ್ಮ ಪೆಟ್ಟಿಗೆಗೆ ತಮ್ಮ ಲ್ಯಾಪ್‌ಟಾಪು ಸಿಕ್ಕಿಸಿ, "ಅಕ್ಕ, ನಮ್ದು ಫುಲ್ ಬತ್ತಾ ಅದೆ ನೋಡಿ, ನಿಮ್ ಮನೆ ಒಳಗೇ ನೋಡ್ಕಳಿ" ಎಂದು ಹೊರಟುಹೋದರು.

ಮೇಲೆ ಸರಿ, ಕೆಳಗೆ ಸರಿ. ಉಳಿದದ್ದು ನಡುವಿನ ಗೋಡೆ.

ಆ ದಿನ ನನ್ನನ್ನು ಕರೆಸಿದಳು. ಸರ್ವರಿನ ಕೋಣೆಯಲ್ಲಿ ಮ್ಯಾನೇಜರ್ ಇದ್ದ, ರಿಸೆಪ್ಷನ್ನಿನ ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಸ್ಕ್ಯಾನ್ ಮಾಡುವವನು ಟೀ ಲೋಟ ಹಿಡಿದುಕೊಂಡು ಬಂದಿದ್ದ. ಎಲ್ಲ ವೈರುಗಳು ಬಂದು ಸೇರುವ ಪೆಟ್ಟಿಗೆಯ ಮೇಲಿನ ಒಂದು ಸಣ್ಣ ದೀಪವನ್ನು ಪವಿತ್ರ ತೋರಿಸಿದಳು.

"ಅಣ್ಣ, ಇದು ಹಸುರು ಉರೀಬೇಕು. ಹಳದಿ ಉರೀತಾ ಅದೆ. ಗೋಡೆ ಒಳ್ಗಡೆ ವೈರು ನೀನೇ ಎಳ್ದಿದ್ದಲ್ವಾ? ಎಂಟೂ ತಂತಿ ಕಟ್ಟಿದ್ದೀಯಾ?"

ನಾನು ಬಾಯಿ ತೆಗೆಯುವ ಮೊದಲೇ ಮ್ಯಾನೇಜರ್ ನಕ್ಕ. "ಏನ್ರೀ ಪವಿತ್ರ, ಈಗ ನಿಮ್ಮಣ್ಣನ್ನೇ ಕಟಕಟೆಗೆ ನಿಲ್ಲಿಸ್ಬಿಟ್ರಲ್ಲ! ಕೇಬಲ್ ಎಳೆಯೋನ್ನ ಕರ್ಕೊಂಡ್ಬಂದು ಕೆಲಸ ಕೊಡಿ ಅಂದೋರು ನೀವೇ ತಾನೆ?"

ಟೀ ಲೋಟದವನೂ ನಕ್ಕ.

ನನಗೆ ಸಿಟ್ಟು ನೆತ್ತಿಗೇರಿತು. ಮ್ಯಾನೇಜರ್ ಮೇಲೆ ಏರಬೇಕಾದ ಸಿಟ್ಟು. ಅವನ ಮೇಲೆ ತೋರಿಸುವ ಗಂಡಸುತನ ನನಗೆಲ್ಲಿತ್ತು? ಮಂಡ್ಯದ ಸೆಂಟರಿನ ಕ್ಯಾಮೆರಾ ಕೆಲಸವೂ ಕೊಡುತ್ತೇನೆ ಎಂದಿದ್ದ ಅವನು. ಸಿಟ್ಟು ಸುಲಭವಾದ ಕಡೆಗೆ ತಿರುಗಿತು.

"ಏನವ್ವ, ನಾಕಕ್ಸರ ಓದ್ಬುಟ್ಟೆ ಅಂತ ನಂಗೇ ಕಸ್ಬು ಯೋಳ್ಕೊಡಕ್ಕೆ ಬಂದ್ಯಾ? ಎಂಟೂ ಕಟ್ಟಿವ್ನಿ. ಬೇಕಾದ್ರೆ ನಂಬು, ಬ್ಯಾಡ್ದಿದ್ರೆ ಬುಡು" ಎಂದೆ.

ಅವಳ ಮುಖ ಕೆಂಪಾಯಿತು. "ಅಂಗಲ್ಲ ಕಣಣ್ಣ, ಕೇಳ್ದೆ ಅಷ್ಟೆ. ನಿನ್ ಹತ್ರ ಎಂಟು ದೀಪದ ಟೆಸ್ಟರ್ ಅದಲ್ಲ, ಅದ್ರಲ್ಲಿ ಒಂದ್ಸಲ ನೋಡ್ಬುಡನ."

"ಅದರ ಸೆಲ್ಲು ಸತ್ತೋಗದೆ."

ಟೆಸ್ಟರ್ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ತೊಡೆಗೆ ಒತ್ತುತ್ತಿತ್ತು.

ಪವಿತ್ರ ಮ್ಯಾನೇಜರ್ ಕಡೆ ತಿರುಗಿ, "ವೈರು ಸರಿ ಇದೆ ಸಾರ್. ನಮ್ಮಣ್ಣ ಸುಳ್ಳು ಹೇಳಲ್ಲ" ಎಂದಳು.

ಗೋಡೆ ಡಬ್ಬಿಗೆ ಇದ್ದದ್ದು ಎರಡು ಸ್ಕ್ರೂ. ಅವಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಬಿಚ್ಚಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಬಿಚ್ಚಲಿಲ್ಲ. ಅಷ್ಟು ದಿನ ಯಾರ ಮಾತನ್ನೂ ನಂಬದೆ ಎಲ್ಲವನ್ನೂ ಅಳೆದು ನೋಡಿದ ಹುಡುಗಿ, ಅಳೆಯದೆ ನಂಬಿದ್ದು ಒಂದನ್ನೇ. ನನ್ನ ಮಾತನ್ನು.

ಆಮೇಲೆ ಅವಳು ಆ ದೀಪದ ಪೆಟ್ಟಿಗೆಯನ್ನೇ ಬದಲಾಯಿಸಿದಳು. ಹೊಸ ಪೆಟ್ಟಿಗೆಯಲ್ಲೂ ದೀಪ ಹಳದಿ. ಸರ್ವರಿನೊಳಗಿನ ಏನೇನನ್ನೋ ಅಳಿಸಿ ಮತ್ತೆ ಬರೆದಳು. ತೊಂಬತ್ನಾಲ್ಕು. ಮ್ಯಾನೇಜರ್ ಯಾರದೋ ಮಾತು ಕೇಳಿಕೊಂಡು, ಹನಕೆರೆ ಹತ್ತಿರ ಜೆಸಿಬಿ ಲೈನು ಕಿತ್ತು ಹಾಕಿದೆಯಂತೆ, ಹೋಗಿ ನೋಡಿ ಬನ್ನಿ ಎಂದ.

"ಮದ್ದೂರಿಂದ ಮಂಡ್ಯಕ್ಕೆ ಪೂರ್ತಿ ಹೋಗ್ತಿದೆ ಸಾರ್. ಹನಕೆರೆ ಅದರ ಮಧ್ಯೆ ಇದೆ. ಅಲ್ಲಿ ಕಿತ್ತೋಗಿದ್ರೆ ಅದೂ ಹೋಗ್ತಿರ್ಲಿಲ್ಲ."

"ವಾದ ಬೇಡ ಕಣ್ರೀ. ಹೋಗಿ ಅಂದ್ರೆ ಹೋಗಿ."

ನನ್ನ ಬೈಕಿನಲ್ಲೇ ಕರೆದುಕೊಂಡು ಹೋದೆ. ಆ ದಿನದ ಮಳೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಹನಕೆರೆ ಸ್ಟೇಷನ್ನಿನ ಹತ್ತಿರ ಲೈನಿನವರು ಗುಂಡಿಗೆ ಇಳಿದು, ಟಾರ್ಪಾಲು ಹಿಡಿದು, ಜೋಡಣೆಯ ಡಬ್ಬಿ ಬಿಚ್ಚಿ ನೋಡುತ್ತಿದ್ದರು. ಪವಿತ್ರ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಕೆಸರಿನಲ್ಲಿ ನಿಂತು ಅವರಿಗೆ ಟಾರ್ಚು ಹಿಡಿದಿದ್ದಳು. ಏನೂ ಸಿಗುವುದಿಲ್ಲವೆಂದು ಅವಳಿಗೆ ಗೊತ್ತು. ಯಾಕೆ ಸಿಗುವುದಿಲ್ಲವೆಂದು ನನಗೆ ಗೊತ್ತು. ಲೈನಿನವನೊಬ್ಬ ಗುಂಡಿಯಿಂದ ಎದ್ದು, "ಎಲ್ಲಾ ನೆಟ್ಗದೆ ಕಣಕ್ಕ. ನಿಮ್ ಮ್ಯಾನೇಜರ್ ತಲೆಲೇ ಜಾಯಿಂಟ್ ಬುಟ್ಟೋಗಿರ್ಬೇಕು, ಬಿಚ್ಚಿ ನೋಡಿ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನೂ ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೇಳಬಹುದಿತ್ತು. ವಾಪಸ್ಸು ಬರುವಾಗ ಬೈಕಿನ ಮೇಲೆ ನಾವಿಬ್ಬರೇ. ಹಿಂದೆ ಕೂತು ಅವಳು ನಡುಗುತ್ತಿದ್ದಳು. ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಉತ್ತರ ಇದೆ, ಚೆನ್ನಾಗಿಲ್ಲ ಅಷ್ಟೆ. ಹೇಳಿದರೆ ಅವಳು ನಾಳೆ ಅದೇ ಜನರ ಮುಂದೆ ಅದನ್ನು ಹೇಳಬೇಕು. ಟೀ ಲೋಟದವನು ಮತ್ತೆ ನಗುತ್ತಾನೆ. ಇವತ್ತು ಬೇಡ, ಭಾನುವಾರ ಸದ್ದಿಲ್ಲದೆ ಹೋಗಿ ಸರಿ ಮಾಡಿಬಿಡುತ್ತೇನೆ ಅಂದುಕೊಂಡೆ. ಭಾನುವಾರ ಬಂತು. ಎಲ್ಲಿಯೋ ಮದುವೆ ಛತ್ರಕ್ಕೆ ಕ್ಯಾಮೆರಾ ಹಾಕುವ ಕೆಲಸ ಬಂತು. ಹೋಗಲಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಮದ್ದೂರಿಗೆ ಹೋದೆ. ಮೊರದಲ್ಲಿ ಅವ್ವ ಜೋಡಿಸಿದ್ದ ಬಳೆ, ಬಿಚ್ಚೋಲೆ, ರವಿಕೆ ಕಣ. ಪವಿತ್ರ ಸೆರಗು ಹಿಡಿದು ತೆಗೆದುಕೊಂಡು ನನ್ನ ಕಾಲು ಮುಟ್ಟಿದಳು. ಎದ್ದವಳು ಅಡಿಗೆ ಮನೆಗೆ ಹೋಗದೆ ಅಲ್ಲೇ ನಿಂತಳು.

"ಅವತ್ತು ಎಲ್ಲಾರ್ ಮುಂದೆ ನಿನ್ನ ಅಂಗೆ ಕೇಳ್ಬಾರ್ದಿತ್ತು ಕಣಣ್ಣ. ಬೇಜಾರು ಮಾಡ್ಕಂಡ್ಯಾ?"

"ಓಗ್ಲಿ ಬುಡವ್ವ" ಎಂದೆ.

ಹೋಗಲಿ ಬಿಡು ಎಂದೆ! ಕ್ಷಮಿಸಿದವನ ಹಾಗೆ! ಅವಳು ಹಾಕಿದ ಒಬ್ಬಟ್ಟನ್ನು ತುಪ್ಪ ಹಾಕಿಸಿಕೊಂಡು ತಿಂದೆ.

ಹಬ್ಬ ಕಳೆದ ವಾರದಲ್ಲೇ ಶುಕ್ರವಾರ ಸೆಂಟರಿನ ದೊಡ್ಡವರು ಅವಳನ್ನು ಕರೆದು, ನೀವು ತರಿಸಿದ ಹಳೇ ಸರ್ವರಿನಿಂದ ಸೆಂಟರಿನ ಹೆಸರು ಕೆಟ್ಟಿತು, ಸೋಮವಾರ ಬಂದು ಬೀಗದ ಕೈ, ಲ್ಯಾಪ್‌ಟಾಪು ಒಪ್ಪಿಸಿ ಹೋಗಿ ಎಂದರಂತೆ. ಶನಿವಾರ ಅವ್ವನಿಗೆ ಫೋನು ಮಾಡಿ ಅತ್ತಳು. "ಸರ್ವರು ಸರ್ಯಾಗದೆ ಕಣವ್ವ. ನಾನು ಅಳ್ದು ನೋಡಿವ್ನಿ. ಯಾರೂ ಕೇಳಾಕೇ ತಯಾರಿಲ್ಲ." ಅವ್ವನ ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಭಾನುವಾರ ಹೋದೆ. ಈಗ ಹೋದೆ! ಕ್ಯಾಮೆರಾ ನೋಡಬೇಕು ಎಂದು ಕಾವಲಿನವನಿಗೆ ಹೇಳಿ ಒಳಗೆ ಸೇರಿಕೊಂಡೆ. ಪೈಪಿನ ಗೊಡವೆ ಬಿಟ್ಟು, ಕಟ್ಟಡದ ಹಿಂದಿನಿಂದ ಹೊಸ ವೈರು ಎಳೆದು, ಗೋಡೆಗೆ ಕ್ಲಿಪ್ಪು ಹೊಡೆದು, ಎಂಟೂ ತಂತಿ ಕಟ್ಟಿದೆ. ದೀಪ ಹಸಿರಾಯಿತು. ಹಳೆಯ ವೈರನ್ನು ಕ್ಯಾಮೆರಾಕ್ಕೆ ಮಾತ್ರ ಬಿಟ್ಟೆ. ಸಂಜೆ ಪವಿತ್ರಳಿಗೆ ಫೋನು ಮಾಡಿ, "ನಾಳೆ ಒಪ್ಸಕ್ಕೆ ಮುಂಚೆ ಇನ್ನೊಂದು ಕಿತ ಕಳಿಸಿ ನೋಡವ್ವ, ನನ್ ಮಾತ್ ಕೇಳು" ಎಂದೆ. ಅವಳು ನೋಡುತ್ತಾಳೆ, ಐನೂರು ಬರುತ್ತದೆ, ಸರ್ವರು ಸರಿ ಎಂದು ಅವಳೇ ಮ್ಯಾನೇಜರ್ ಮುಖಕ್ಕೆ ಹೇಳುತ್ತಾಳೆ, ನನ್ನ ಹೆಸರು ಎಲ್ಲೂ ಬರುವುದಿಲ್ಲ. ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದೆ ನೋಡಿ.

ಸೋಮವಾರ, ಹೊಸ ಸರ್ವರು ಮಾರುವ ಆ ಮೈಸೂರಿನವನು ಅವಳಿಗಿಂತ ಮೊದಲೇ ಕಾರಿನಲ್ಲಿ ಬಂದಿದ್ದ. ಪವಿತ್ರ ಮದ್ದೂರಿನಿಂದ ಬಸ್ಸಿನಲ್ಲಿ ಬಂದು ಇಳಿಯುವ ಹೊತ್ತಿಗೆ ಅವಳ ಸರ್ವರು ಕಿತ್ತು ಮೂಲೆಗೆ ಹೋಗಿತ್ತು, ಹೊಸದು ಆ ಜಾಗದಲ್ಲಿ ಕೂತಿತ್ತು. ಅವಳ ಎದುರೇ ಪರೀಕ್ಷೆ ಮಾಡಿದರು. ಐನೂರಕ್ಕೆ ಸ್ವಲ್ಪ ಕಡಮೆ ಬಂತು. ಮ್ಯಾನೇಜರ್ ಚಪ್ಪಾಳೆ ತಟ್ಟಿದನಂತೆ. "ನೋಡಿದ್ರೇನ್ರೀ? ಇನ್ನೇನಾದ್ರೂ ಅಳೀಬೇಕಾ?"

ನನ್ನ ಕಳ್ಳ ರಿಪೇರಿ ಅವಳನ್ನು ಉಳಿಸಲಿಲ್ಲ. ತಪ್ಪು ಅವಳದೇ ಎಂದು ಮುದ್ರೆ ಒತ್ತಿತು. ನಾನು ಆ ಭಾನುವಾರ ಹೋಗದೆ ಇದ್ದಿದ್ದರೆ ಹೊಸ ಸರ್ವರಿಗೂ ತೊಂಬತ್ನಾಲ್ಕೇ ಬರುತ್ತಿತ್ತು, ಅವರೇ ಬಂದು ಅವಳ ಕಾಲು ಹಿಡಿಯುತ್ತಿದ್ದರು.

ಕೆಲಸ ಹೋದದ್ದು ದೊಡ್ಡದಲ್ಲ. ಅವಳು ತನ್ನನ್ನು ನಂಬುವುದನ್ನೇ ಬಿಟ್ಟಳು. "ನಾನೇ ಎಲ್ಲೋ ತಪ್ಪಾಗಿ ಅಳ್ದಿದ್ದೆ ಕಣಣ್ಣ. ಲ್ಯಾಪ್‌ಟಾಪಲ್ಲಿ ನೋಡಿದ್ದು ತಪ್ಪಿರ್ಬೇಕು. ಒಂದು ಮಿಸೀನ್ ಕೆಟ್ಟದ್ದು ಗೊತ್ತಾಗ್ನಿಲ್ಲ ಅಂದ್ಮೇಲೆ ನಂಗ್ಯಾಕೆ ಈ ಕೆಲ್ಸ" ಎಂದಳು. ಬೇರೆ ಕಡೆ ಅರ್ಜಿ ಹಾಕಲಿಲ್ಲ. ಮದ್ದೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಹಾಕಲು ಕೂತಳು. ಮನೆಯಲ್ಲಿ ಇಂಟರ್ನೆಟ್ಟು ನಿಂತರೆ ಗಂಡನಿಗೆ, "ನಂಗೇನ್ ಗೊತ್ತು, ಕಂಪ್ನಿಯೋರ್ಗೆ ಫೋನ್ ಮಾಡಿ" ಅನ್ನುತ್ತಿದ್ದಳು. ನಾನು ಅಲ್ಲೇ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದೆ. ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ಕೊಟ್ಟೆ. ಪ್ರತಿ ಸಲವೂ ಅವಳು ಕಾಲು ಮುಟ್ಟಿದಳು.

ಮಳವಳ್ಳಿಯಲ್ಲಿ ಗೋಡೆ ಒಡೆದ ಮಧ್ಯಾಹ್ನ, ಸಿಮೆಂಟು ಚೀಲವನ್ನು ಬೈಕಿನ ಮುಂದಿಟ್ಟುಕೊಂಡು ನಾನು ಕೊಪ್ಪಕ್ಕೆ ಬರಲಿಲ್ಲ. ಸೀದಾ ಮದ್ದೂರಿಗೆ ಹೋದೆ. ಪವಿತ್ರ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಇದೇನಣ್ಣ ಚೀಲ? ಅವ್ವ ಏನಾರ ಕಳ್ಸುದ್ಲಾ?"

ಚೀಲ ಸುರಿದೆ. ಜೇಬಿನಿಂದ ಟೆಸ್ಟರ್ ತೆಗೆದು ಅದರ ಪಕ್ಕ ಇಟ್ಟೆ. ಅವಳು ಮೊದಲು ನಕ್ಕಳು, ಆಮೇಲೆ ಡಬ್ಬಿಯನ್ನು ತಿರುಗಿಸಿ ಹಿಂಭಾಗ ನೋಡಿದಳು. ನಗು ನಿಂತಿತು. ಡಬ್ಬಿಯ ಮೇಲೆ ಮಳವಳ್ಳಿಯ ಸರ್ವರಿನ ಕೋಣೆಯಲ್ಲಿ ಅವಳೇ ಅಂಟಿಸಿದ್ದ ಗುರುತಿನ ಚೀಟಿ ಇನ್ನೂ ಇತ್ತು.

ಕೈ ಒರೆಸಿಕೊಂಡಳು. ಒಳಗಿನಿಂದ ಎರಡು ಗಿಡ್ಡ ವೈರು ತಂದು, ಟೆಸ್ಟರಿನ ಎರಡು ತುಂಡನ್ನೂ ಎರಡು ಡಬ್ಬಿಗೆ ಸಿಕ್ಕಿಸಿ ಗುಂಡಿ ಒತ್ತಿದಳು. ತಂತಿಗೊಂದರಂತೆ ದೀಪಗಳು ಒಂದರ ಹಿಂದೊಂದು ಹೊತ್ತಿಕೊಂಡವು. ಒಂದು, ಎರಡು, ಮೂರು. ನಾಲ್ಕು ಕತ್ತಲೆ. ಐದು ಕತ್ತಲೆ. ಆರು ಹೊತ್ತಿತು. ಏಳು ಇಲ್ಲ, ಎಂಟು ಇಲ್ಲ. ಮತ್ತೆ ಮೊದಲಿನಿಂದ. ಅವಳು ಅದನ್ನೇ ನೋಡುತ್ತಾ ಕೂತಳು. ಅವರೆಕಾಯಿ ಮೊರದಿಂದ ಒಂದು ಕೋಳಿ ಕಾಳು ಕುಕ್ಕುತ್ತಿತ್ತು. ಅವಳು ಓಡಿಸಲಿಲ್ಲ.

"ಇದ್ರಲ್ಲಿ ಐನೂರು ಬರಾಕಿಲ್ಲ. ಹೊಸಾ ವೈರು ಯಾವತ್ತು ಎಳ್ದೆ?"

"ಭಾನುವಾರ. ನೀನು ಬೀಗದ ಕೈ ಕೊಡಕ್ಕೆ ಓದ ಇಂದಿನ್ ದಿನ."

"ಆ ಮೈಸೂರ್ನೋನು ಸೋಮವಾರ ಬಂದ."

"ಊಂ."

"ಅಂಗಾದ್ರೆ ನನ್ ಸರ್ವರು ಸರ್ಯಾಗಿತ್ತು." ನನಗೆ ಹೇಳಿದ್ದಲ್ಲ ಅದು. ಟೆಸ್ಟರಿಗೆ ಹೇಳಿದಳು.

ನಾನು, "ನಾಳೆನೇ ಮಂಡ್ಯಕ್ಕೆ ಓಗನ. ಆ ಮ್ಯಾನೇಜರ್ ಎಲ್ಲಿದ್ರೂ ಉಡ್ಕಿ, ಅವನ್ ಮುಂದೆ ನಿಂತು ಯೋಳ್ತೀನಿ" ಎಂದೆ.

"ಅವ್ನಿಗೆ ಯೋಳಿ ಏನ್ ಕಿಸೀತೀಯಲೋ?" ಎಂದು ಚೀರಿದಳು. ಒಳಗಿದ್ದ ಅವಳ ಅತ್ತೆ ಬಾಗಿಲಿಗೆ ಬಂದು ನಿಂತರು. "ಅವ್ನು ನನ್ನ ನಂಬ್ನಿಲ್ಲ, ಅದು ಅತ್ಲಾಗಿರ್ಲಿ. ನಾನೇ ನನ್ನ ನಂಬ್ದಂಗೆ ಮಾಡ್ದಲ್ಲೋ. ಇಷ್ಟು ವರ್ಸ ಬಂದು ಬಂದು ಇದೇ ಜಗ್ಲಿ ಮೇಲೆ ಕಾಫಿ ಕುಡುದ್ಯಲ್ಲೋ. ಎದ್ದೋಗ್ಲಾ ಇಲ್ಲಿಂದ."

ಲೋ ಎಂದಳು. ಲಾ ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಹಾಗೆ ಕರೆದವಳಲ್ಲ. ನಾನು ಎದ್ದು ಬಂದೆ. ಟೆಸ್ಟರ್ ಕೇಳಲಿಲ್ಲ.

ಎರಡು ವಾರ ಸುದ್ದಿಯಿಲ್ಲ. ಮೊನ್ನೆ ಬೆಳಗ್ಗೆ ಫೋನು ಬಂತು. ಅಣ್ಣ ಎನ್ನಲಿಲ್ಲ, ಚೆನ್ನಾಗಿದ್ದೀಯಾ ಎನ್ನಲಿಲ್ಲ. "ಕೊಪ್ಪದ ಕಂಪ್ಯೂಟರ್ ಸೆಂಟರ್ ವೈರಿಂಗ್ ನಿಂದೇ ತಾನೆ? ಲೈನು ನಿಧಾನ ಅಂತ ಅಂಗಡಿಗೆ ಬಂದು ಗೋಳಾಡ್ತಿದ್ರು, ನಾನು ಬಂದು ನೋಡ್ತೀನಿ ಅಂದಿವ್ನಿ. ಏಣಿ ತಕ್ಕಂಬಾ" ಎಂದು ಇಟ್ಟಳು.

ಬಸ್ಸಿಳಿದು ಬಂದಳು. ಹೆಗಲಿಗೆ ಹಳೆಯ ಬ್ಯಾಗು, ಅದರಲ್ಲಿ ನನ್ನ ಟೆಸ್ಟರ್, ಒಂದು ಸ್ಕ್ರೂಡ್ರೈವರ್. ಸೀದಾ ಏಣಿ ಹತ್ತಿದಳು. ನಾನು ಕೆಳಗೆ ಏಣಿ ಹಿಡಿದುಕೊಂಡೆ. ಅಲ್ಲಿ ನಾನು ಮೋಸ ಮಾಡಿರಲಿಲ್ಲ. ನಿಜವಾಗಿ ಮಾಡಿರಲಿಲ್ಲ.

"ಇಲ್ಲಿ ಎಂಟೂ ಕಟ್ಟಿವ್ನಿ ಕಣವ್ವ" ಎಂದೆ.

"ಸುಮ್ಕಿರು" ಎಂದಳು.

ಎರಡು ಸ್ಕ್ರೂ ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡಳು. ಡಬ್ಬಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದು, ಒಂದೊಂದೇ ತಂತಿಯನ್ನು ಉಗುರಿನಿಂದ ಮುಟ್ಟಿ ಎಣಿಸತೊಡಗಿದಳು. ಎಂಟೂ ಇದ್ದವು. ಅವಳು ಮತ್ತೊಂದು ಸಲ ಮೊದಲಿನಿಂದ ಎಣಿಸಿದಳು.